ಪೂರ್ಣಿಮಾ ಸಂಗಮೇಶ ಎಂಬ ಹೆಸರಿನಲ್ಲಿ

ಕಲ್ಲು ಕೊಯ್ಯುವ ಯಂತ್ರದ ಸದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಮೊದಲು ಸಣ್ಣಗೆ ಶುರುವಾಗಿ, ಹಲ್ಲು ಒಳಗೆ ಇಳಿದಂತೆ ದನಿ ಏರಿ, ಬಂಡೆ ಎರಡು ಹೋಳಾದ ಕ್ಷಣದಲ್ಲಿ ತಟ್ಟನೆ ನಿಂತುಬಿಡುವ ಸದ್ದು. ತಾಂಡೂರಿನವರ ಕಿವಿಗೆ ಅದು ಬೀಳುವುದಿಲ್ಲ. ಪ್ರೇಮಲಾಳ ಕಿವಿಗೂ ಒಂದು ಕಾಲದಲ್ಲಿ ಬೀಳುತ್ತಿರಲಿಲ್ಲ. ಇವತ್ತು ಬಸ್ಸಿಳಿದು ನಿಂತವಳಿಗೆ ಮೊದಲು ಕೇಳಿಸಿದ್ದೇ ಅದು. ಈ ಊರು ತನ್ನನ್ನು ಬಿಟ್ಟುಕೊಟ್ಟಿದೆ ಎನ್ನುವುದು ಅವಳಿಗೆ ಆಗ ಖಾತ್ರಿಯಾಯಿತು.

ಜಹೀರಾಬಾದಿನಿಂದ ಬೆಳಗಿನ ಬಸ್ಸು ಹಿಡಿದು ಅವಳು ಬಂದದ್ದು ಒಂದು ಕೇಳಿಕೆ ಇಟ್ಟುಕೊಂಡು. ತಾನು ಆರು ವರ್ಷ ಸೊಸೆಯಾಗಿ ಬಾಳಿದ ಮನೆಗೆ ಹೋಗಿ, ಈಗ ಅಲ್ಲಿ ಸೊಸೆಯಾಗಿರುವವಳನ್ನು ಕಂಡು, ನನ್ನ ಸಂಶೋಧನಾ ಪ್ರಬಂಧ ನನಗೆ ಬಿಟ್ಟುಕೊಡಿ ಎಂದು ಕೇಳಬೇಕಿತ್ತು. ಬಿಟ್ಟುಕೊಡುವುದೇನೂ ದೊಡ್ಡ ಕೆಲಸವಲ್ಲ. ಆ ಸೊಸೆ ಕಂಪ್ಯೂಟರಿನಲ್ಲಿ ಲೇಖಕಿಯೆಂದಿರುವ ತನ್ನ ಪುಟ ತೆರೆದು, ಇದು ನನ್ನದಲ್ಲ ಎಂದು ಒಂದು ಕಡೆ ಒತ್ತಿದರೆ ಮುಗಿಯಿತು. ಅಷ್ಟಾದರೆ ಪ್ರೇಮಲಾ ಮತ್ತೆ ಪ್ರಯೋಗಾಲಯದ ಮೆಟ್ಟಿಲು ಹತ್ತಬಹುದಿತ್ತು. ಆಗದಿದ್ದರೆ ಜಹೀರಾಬಾದಿನ ಜೂನಿಯರ್ ಕಾಲೇಜಿನಲ್ಲಿ, ವರ್ಷವರ್ಷಕ್ಕೂ ನವೀಕರಿಸುವ ಗುತ್ತಿಗೆಯ ಮೇಲೆ, ದಾಸವಾಳದ ಹೂವನ್ನು ಉದ್ದಕ್ಕೆ ಸೀಳಿ ಹುಡುಗಿಯರಿಗೆ ತೋರಿಸುತ್ತ ಉಳಿದ ಆಯುಷ್ಯ ಕಳೆಯಬೇಕು.

ಅವಳ ಅಪ್ಪ ರೇವಪ್ಪ ನಾಗಲಗಿದ್ದದ ಮೂಲದವರು. ನಾರಾಯಣಖೇಡದ ಧಾನ್ಯಪೇಟೆಯಾದ ಗಂಜ್‌ನಲ್ಲಿ ಅವರದು ತೊಗರಿಯ ಅಡತಿ ಅಂಗಡಿ, ದಲ್ಲಾಳಿ ವ್ಯಾಪಾರ. ತೊಗರಿ ಚೀಲಗಳ ಮೇಲೆ ಕೂತು ಅಕ್ಷರ ಕಲಿತ ಹುಡುಗಿ ಪ್ರೇಮಲಾ. ಅವಳ ಬಾಳಿನ ದಾರಿ ತೆರೆದದ್ದು ಮಾತ್ರ ಅಂಗಡಿಯಲ್ಲಲ್ಲ, ಪೆದ್ದೆಮುಲ್ ಸೀಮೆಯಲ್ಲಿದ್ದ ಸೋದರಮಾವನ ಹೊಲದಲ್ಲಿ. ಒಂದು ವರ್ಷ ಅಲ್ಲಿ ತೊಗರಿ ಆಳೆತ್ತರ ಬೆಳೆದು ನಿಂತಿತ್ತು. ಎಲ್ಲೆಲ್ಲೂ ಹಸಿರು, ಕಣ್ಣು ತಣಿಯುವ ಹಸಿರು. ಹೂವು ಮಾತ್ರ ಇಲ್ಲ. ಸುತ್ತಲಿನ ಹೊಲಗಳು ಹಳದಿಯಾಗಿ, ಕಾಯಿಕಟ್ಟಿ, ಕಟಾವಾಗಿ ಹೋದರೂ ಮಾವನ ಹೊಲ ಹಾಗೇ ಹಸಿರಾಗಿ ನಿಂತಿತ್ತು. ಗೊಡ್ಡು ಬಿದ್ದದ ಎಂದರು ಎಲ್ಲರೂ. ಯಾಕೆ ಬೀಳುತ್ತದೆ ಎಂದು ಹುಡುಗಿ ಕೇಳಿದಳು. ಮಾವ ನಕ್ಕು, ಅದನ್ನು ತಿಳಕೊಂಡು ಬಂದು ನೀನೇ ಹೇಳು ಎಂದ. ಅದೇ ಹೊಲದ ನಡುವೆ ಒಂದೇ ಒಂದು ಗಿಡ ಮೈತುಂಬ ಹೂ ಬಿಟ್ಟು ನಿಂತದ್ದನ್ನು ಅವಳು ಕಂಡಿದ್ದಳು. ಅಷ್ಟು ಗೊಡ್ಡಿನ ನಡುವೆ ಅದೊಂದಕ್ಕೆ ಹೇಗೆ ಸಾಧ್ಯವಾಯಿತು ಎನ್ನುವ ಪ್ರಶ್ನೆ ಅವಳನ್ನು ನಾರಾಯಣಖೇಡದಿಂದ ಹೈದರಾಬಾದಿಗೆ ಕರೆದೊಯ್ದಿತು.

ಹೈದರಾಬಾದಿನಲ್ಲಿ ಅವಳು ಸೇರಿದ ಪ್ರಯೋಗಾಲಯದಲ್ಲಿ ಗಿಡದ ಎಲೆ ಅರೆದು ಅದರೊಳಗಿನ ವಂಶದ ಎಳೆಯನ್ನು ಬಿಡಿಸಿ ಓದುತ್ತಿದ್ದರು. ಗೊಡ್ಡು ರೋಗವನ್ನು ಹೊತ್ತು ತರುವುದು ಕಣ್ಣಿಗೆ ಕಾಣದ ಒಂದು ನುಸಿ. ಯಾವ ಸಸಿ ತಡೆಯುತ್ತದೆ, ಯಾವುದು ಸೋಲುತ್ತದೆ ಎಂದು ನೋಡಲು ರೋಗದ ಎಲೆಯನ್ನು ತಂದು ಆರೋಗ್ಯವಾಗಿರುವ ಎಳೆಯ ಎಲೆಗೆ ಸ್ಟೇಪ್ಲರಿನಿಂದ ಹೊಲಿಯಬೇಕು. ನುಸಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಪ್ರೇಮಲಾ ಹೀಗೆ ಹೊಲಿದ ಎಲೆಗಳಿಗೆ ಲೆಕ್ಕವಿಲ್ಲ. ಪ್ರತಿ ಸಲವೂ ಆ ಎಳೆಯ ಎಲೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಳ್ಳುತ್ತಿದ್ದಳು. ಪೆದ್ದೆಮುಲ್ ಸೀಮೆಯ ಹೊಲ ಹೊಲ ತಿರುಗಿ, ಗೊಡ್ಡಿನ ನಡುವೆ ಹೂ ಬಿಟ್ಟ ಗಿಡಗಳ ಬೀಜ ತಂದಳು. ಅವುಗಳಲ್ಲಿ ಒಂದೇ ಗಿಡದ ಬೀಜದಿಂದ ಬೆಳೆದ ಒಂದು ಸಾಲು ಮಾತ್ರ ಎಷ್ಟು ಹೊಲಿದರೂ ರೋಗಕ್ಕೆ ಬಗ್ಗಲಿಲ್ಲ. ಆ ಸಾಲಿನ ಮೈಯಲ್ಲಿ ರೋಗವನ್ನು ತಡೆಯುವ ತುಣುಕು ಯಾವುದು, ಎಲ್ಲಿದೆ ಎಂದು ಹುಡುಕುವುದರಲ್ಲಿ ಅವಳ ಹರೆಯ ಕಳೆಯಿತು.

ನಡುನಡುವೆ ಸಣ್ಣಪುಟ್ಟ ಪ್ರಬಂಧಗಳು ಅಚ್ಚಾದವು. ಎಲ್ಲದರ ಮೇಲೂ ‘ಪ್ರೇಮಲಾ ರೇವಪ್ಪ’ ಎಂದಿತ್ತು. ಊರಿಗೆ ಬಂದಾಗ ರೇವಪ್ಪ, ಇದರಿಂದ ಏನು ಬರುತ್ತದೆ ಎಂದು ಕೇಳಿದ್ದರು. ಬರುವುದೇನಿಲ್ಲ, ಬೇರೆಯವರು ತಮ್ಮ ಪ್ರಬಂಧ ಬರೆಯುವಾಗ ಇಂಥವಳು ಹೀಗೆ ಕಂಡುಹಿಡಿದಿದ್ದಾಳೆ ಎಂದು ನಮ್ಮದನ್ನು ಉಲ್ಲೇಖಿಸುತ್ತಾರೆ, ಹಾಗೆ ಎಷ್ಟು ಜನ ಉಲ್ಲೇಖಿಸಿದರು ಎನ್ನುವುದರ ಮೇಲೆ ನಮ್ಮ ಬೆಲೆ ಎಂದಳು. ರೇವಪ್ಪನವರಿಗೆ ಅದು ಸುಲಭವಾಗಿ ತಿಳಿಯಿತು. ಗಂಜ್‌ನಲ್ಲೂ ವ್ಯಾಪಾರ ನಡೆಯುವುದು ಹಾಗೆಯೇ, ಹೆಸರಿನ ಮೇಲೆ. ಅಂದಿನಿಂದ ಫೋನು ಮಾಡಿದಾಗಲೆಲ್ಲ ಊಟದ ವಿಚಾರಕ್ಕೂ ಮೊದಲು ಅವರ ಪ್ರಶ್ನೆ ಅದೇ ಆಯಿತು.

“ಎಷ್ಟು ಮಂದಿ ನಿನ್ನ ಹೆಸರ ತಗೊಂಡಾರವ್ವಾ ಈ ತಿಂಗಳ?”

ಮದುವೆ ಆದದ್ದು ತಾಂಡೂರಿನ ಸಂಗುವಿನ ಜೊತೆ. ಹೆಸರು ಸಂಗಮೇಶ, ಕರೆಯುವುದು ಸಂಗು. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಷ್ ಮಾಡುವ ಕಾರ್ಖಾನೆ, ಅದಕ್ಕೆ ಹೊಂದಿಕೊಂಡೇ ಮನೆ. ನಗುಮುಖದ ಮನುಷ್ಯ. ಹೆಂಡತಿ ವಾರವೆಲ್ಲ ಹೈದರಾಬಾದಿನಲ್ಲಿದ್ದು ಶನಿವಾರದ ರೈಲಿಗೆ ಬರುವುದಕ್ಕೂ ಒಪ್ಪಿಕೊಂಡಿದ್ದ. ಮದುವೆಯಲ್ಲಿ ಆ ಕಡೆಯ ಮನೆಗಳ ಪದ್ಧತಿಯಂತೆ ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದ ತುದಿಯಿಂದ ಹೆಂಡತಿಗೆ ಹೊಸ ಹೆಸರು ಬರೆದ. ‘ಪೂರ್ಣಿಮಾ.’ ಅವಳು ಗಟ್ಟಿಯಾಗಿ ಓದಿದಳು, ಬಂದವರಿಗೆ ಸಕ್ಕರೆ ಹಂಚಿದರು. ಅಷ್ಟಕ್ಕೇ ಮರೆತುಬಿಡುವ ಮನೆಗಳೂ ಉಂಟು. ಈ ಮನೆಯವರು ಹಾಗಲ್ಲ. ತಿಂಗಳು ತುಂಬುವುದರೊಳಗೆ ಆಧಾರ್, ಬ್ಯಾಂಕು, ರೇಷನ್ ಕಾರ್ಡು ಎಲ್ಲದರಲ್ಲೂ ಅವಳನ್ನು ಪೂರ್ಣಿಮಾ ಮಾಡಿ ಮುಗಿಸಿದ್ದರು.

ಆ ಹೆಸರು ಎಲ್ಲಿಂದ ಬಂತೆನ್ನುವುದು ಅವಳಿಗೆ ಆಮೇಲೆ ತಿಳಿಯಿತು. ಸಂಗುವಿಗೆ ಒಬ್ಬ ತಂಗಿಯಿದ್ದಳು. ಹೆಸರು ಪೂರ್ಣಿಮಾ. ಎರಡು ಜಡೆಯ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಪಡಸಾಲೆಯ ಗೋಡೆಯ ಮೇಲೆ ಅವಳ ಫೋಟೋ ಇತ್ತು. ಅತ್ತೆ ಅಮೃತಬಾಯಿಗೆ ದಿನಕ್ಕೆ ಒಂದು ಸಲವಾದರೂ ಮನೆಯೊಳಗೆ ಆ ಹೆಸರು ಹಿಡಿದು ಕರೆಯಬೇಕು, ಯಾರಾದರೂ ಓ ಅನ್ನಬೇಕು. ಮಗನಿಗೆ ಹೆಣ್ಣು ತರುವುದೆಂದರೆ ಅವಳಿಗೆ ಬಹುಪಾಲು ಅದಕ್ಕಾಗಿತ್ತು. ಇದು ತಿಳಿದ ದಿನ ಪ್ರೇಮಲಾಗೆ ಕೋಪ ಬರಲಿಲ್ಲ. ಬಂದದ್ದು ಮರುಕ. ಅತ್ತೆ “ಪೂರ್ಣೀ” ಎಂದು ಕರೆದಾಗಲೆಲ್ಲ, ಇಬ್ಬರ ಪರವಾಗಿ ಓಗೊಟ್ಟಂತೆ, “ಬಂದೆ ಅತ್ತಿ” ಎನ್ನುತ್ತಿದ್ದಳು.

ಅವಳ ದೊಡ್ಡ ಪ್ರಬಂಧ ಮುಗಿದದ್ದು ಆ ದಿನಗಳಲ್ಲೇ. ರೋಗ ತಡೆಯುವ ತುಣುಕು ಸಿಕ್ಕಿತ್ತು. ಕೊನೆಯ ಪ್ರತಿ ಕಳಿಸುವ ದಿನ ಅವಳ ಮಾರ್ಗದರ್ಶಕ ಡಾಕ್ಟರ್ ಲಕ್ಷ್ಮೀಕಾಂತ ಫೋನು ಮಾಡಿದರು. ಬೀದರ್ ಕಡೆಯವರಾದ್ದರಿಂದ ಅವಳೊಡನೆ ಅವರ ಮಾತು ಕನ್ನಡದಲ್ಲೇ.

“ನೋಡಮ್ಮ, ಮೊದಲಿನವು ಎಲ್ಲಾ ಪ್ರೇಮಲಾ ರೇವಪ್ಪ ಅಂತ ಅವ. ಈಗ ನಿನ್ನ ಕಾಗದಪತ್ರದಾಗ ಬ್ಯಾರೆ ಆಗ್ಯದ ಅಂತಿ. ಇದಕ್ಕ ಯಾವ ಹೆಸರ ಹಾಕಲಿ?”

ಹಳೆಯದೇ ಇರಲಿ, ನಮ್ಮ ಕಸುಬಿನಲ್ಲಿ ಹೆಸರು ಬದಲಾದರೆ ಮನುಷ್ಯ ಬದಲಾದ ಹಾಗೆ ಎಂದು ಅವರೇ ಬುದ್ಧಿಯನ್ನೂ ಹೇಳಿದರು. ಪ್ರೇಮಲಾ ಪಡಸಾಲೆಯಲ್ಲಿ ನಿಂತಿದ್ದಳು. ಎದುರಿಗೆ ಎರಡು ಜಡೆಯ ಹುಡುಗಿಯ ಫೋಟೋ. ಒಳಗಿನಿಂದ ಅತ್ತೆ ಕರೆದಳು, ಪೂರ್ಣೀ ಎಂದು. ಶಾಲೆಯ ಹಾಜರಿ ಪುಸ್ತಕದಿಂದಾಚೆ ಎಲ್ಲೂ ಬರೆಯಿಸಿಕೊಳ್ಳದೆ ಹೋದ ಹೆಸರು ಅದು. ದೇಶದೇಶದವರು ಓದುವ ಕಡೆ ಅಚ್ಚಾಗಲಿ ಅನಿಸಿತು ಅವಳಿಗೆ. ಸತ್ತ ಮಗುವಿಗೆ ಒಂದು ಹೂ ಏರಿಸಿದ ಹಾಗೆ.

“ಪೂರ್ಣಿಮಾ ಸಂಗಮೇಶ ಅಂತ ಹಾಕ್ರಿ ಸರ್,” ಎಂದಳು.

ಅಚ್ಚಾದ ಪ್ರತಿಯನ್ನು ನಾರಾಯಣಖೇಡಕ್ಕೆ ಒಯ್ದು ಅಪ್ಪನ ಕೈಗಿತ್ತಳು. ಚೀಲದ ಮೇಲೆ ಗುರುತು ಹಾಕುವಷ್ಟು ಇಂಗ್ಲಿಷ್ ಅಕ್ಷರ ಬಲ್ಲ ರೇವಪ್ಪ ಕನ್ನಡಕ ಏರಿಸಿ ಹೆಸರುಗಳ ಸಾಲಿನ ಮೇಲೆ ಬೆರಳಾಡಿಸಿದರು. ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬಂದರು. ಇದರಾಗ ನೀ ಎಲ್ಲಿದ್ದಿ ಎಂದು ಕೇಳಿದರು. ಅವಳು ಮೊದಲ ಹೆಸರಿನ ಮೇಲೆ ಬೆರಳಿಟ್ಟಳು. ಅವರು ಕನ್ನಡಕ ತೆಗೆದು ಒರೆಸಿದರು.

“ನನ್ನ ಹೆಸರ ಕಾಣಲಿಲ್ಲ, ಅದಕ್ಕ ಕೇಳಿದೆ,” ಎಂದರು.

ಅದಾದ ಮೇಲೆ ಬಂದದ್ದು ಅವಳೂ ಎಣಿಸದಂಥ ಹೊಳೆ. ಕೀನ್ಯಾದವರು ಉಲ್ಲೇಖಿಸಿದರು, ಬರ್ಮಾದವರು ಉಲ್ಲೇಖಿಸಿದರು. ತೊಗರಿಯ ಬಗ್ಗೆ ಎಲ್ಲಿ ಯಾರು ಬರೆದರೂ ಆ ಪ್ರಬಂಧದ ಹೆಸರೆತ್ತದೆ ಮುಂದೆ ಹೋಗುವಂತಿರಲಿಲ್ಲ. ನೂರಾಯಿತು, ಐನೂರಾಯಿತು, ಸಾವಿರ ದಾಟಿತು. ಪ್ರೇಮಲಾ ರೇವಪ್ಪ ಬರೆದ ಸಣ್ಣ ಪ್ರಬಂಧಗಳು ಮಾತ್ರ ಹತ್ತು ಹದಿನೈದರಲ್ಲೇ ನಿಂತಿದ್ದವು.

ತಾಂಡೂರಿನ ಮನೆಯಲ್ಲಿ ಯಾರಿಗೂ ಇದರ ಅರಿವಿರಲಿಲ್ಲ. ಅಲ್ಲಿ ಎದ್ದ ಪ್ರಶ್ನೆ ಬೇರೆಯೇ ಆಗಿತ್ತು. ಎರಡು ವರ್ಷ, ಮೂರು ವರ್ಷ, ತೊಟ್ಟಿಲು ತೂಗಲಿಲ್ಲ. ಅವಳು ಯಾವ ರೋಗದ ಮೇಲೆ ಕೆಲಸ ಮಾಡುತ್ತಾಳೆಂದು ನೆಂಟರು ಕೇಳಿದರೆ ಅಮೃತಬಾಯಿ ನಡುವೆ ಬಾಯಿ ಹಾಕಿ ಮಾತು ತಪ್ಪಿಸುತ್ತಿದ್ದಳು. ಗೊಡ್ಡು ಎಂಬ ಶಬ್ದ ಮನೆಯೊಳಗೆ ಆಡಬೇಡ ಎಂದು ಸೊಸೆಗೂ ಹೇಳಿದ್ದಳು. ಪರೀಕ್ಷೆಗೆಂದು ಆಸ್ಪತ್ರೆಗಳಿಗೆ ಹೋದವಳು ಪ್ರೇಮಲಾ ಒಬ್ಬಳೇ. ಸಂಗುವಿಗೆ ಯಾವಾಗಲೂ ಕಾರ್ಖಾನೆಯಲ್ಲಿ ಅರ್ಜೆಂಟ್ ಮಾಲು ಇರುತ್ತಿತ್ತು. ಕೊನೆಗೆ ಜಗಳವಿಲ್ಲ, ರಂಪವಿಲ್ಲ, ಹಿರಿಯರು ಕೂತು ಬಿಡುಗಡೆ ಮಾಡಿಸಿದರು. ಬಳೆ ಬಿಚ್ಚಿಕೊಟ್ಟಳು, ತಾಳಿ ಬಿಚ್ಚಿಕೊಟ್ಟಳು, ಬೀರುವಿನ ಕೀಲಿಕೈ ಕೊಟ್ಟಳು. ಇನ್ನು ಮುಂದೆ ಈ ಮನೆಯ ಹೆಸರನ್ನು ಹಚ್ಚಿಕೊಳ್ಳುವುದಿಲ್ಲ ಎಂಬ ಮಾತಿಗೂ, ಉಳಿದ ಮಾತುಗಳ ಜೊತೆಗೆ, ಸಹಿ ಹಾಕಿದಳು. ಆ ಘಳಿಗೆಯಲ್ಲಿ ಅದು ಭಾರ ಇಳಿಸಿದಂತೆ ಕಂಡಿತೇ ಹೊರತು ಕಳೆದುಕೊಂಡಂತೆ ಕಾಣಲಿಲ್ಲ. ಅದೇ ವರ್ಷ ಹೈದರಾಬಾದಿನ ಯೋಜನೆಯೂ ಮುಗಿಯಿತು. ಲಕ್ಷ್ಮೀಕಾಂತರು ಆ ಪ್ರಬಂಧದ ಬಲದಿಂದಲೇ ದೊಡ್ಡ ಸಂಸ್ಥೆಯೊಂದಕ್ಕೆ ಮುಖ್ಯಸ್ಥರಾಗಿ ಹೋದರು. ಪ್ರೇಮಲಾ ಆಧಾರಿನಲ್ಲಿ ಮತ್ತೆ ಪ್ರೇಮಲಾ ಆಗಿ, ಜಹೀರಾಬಾದಿನಲ್ಲಿ ಸಿಕ್ಕ ಕೆಲಸ ಹಿಡಿದಳು.

ಮತ್ತೆ ಉಲ್ಲೇಖಗಳ ಎಣಿಕೆಯ ಪುಟ ತೆರೆದು ನೋಡಲು ಅವಳಿಗೆ ಮನಸ್ಸಾಗಲಿಲ್ಲ. ಅಪ್ಪ ಫೋನಿನಲ್ಲಿ ಕೇಳಿದರೆ ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದಳು. ರೇವಪ್ಪ ಅದನ್ನೇ ಗಂಜ್‌ನಲ್ಲಿ ಹೇಳಿಕೊಂಡು ತಿರುಗುತ್ತಿದ್ದರು.

ಈ ವರ್ಷ ಬೇಳೆಕಾಳುಗಳ ಸಂಸ್ಥೆಯೊಂದು ವಿಜ್ಞಾನಿಯ ಹುದ್ದೆಗೆ ಕರೆಯಿತು. ತೊಗರಿಯ ವಂಶದ ಮೇಲೆ ಕೆಲಸ ಮಾಡಿದವರೇ ಬೇಕೆಂದಿತ್ತು. ವಯಸ್ಸಿನ ಮಿತಿಗೆ ಅವಳು ಒಳಪಡುವ ಕೊನೆಯ ಸಲ ಅದು. ಹೋದಳು. ಎದುರಿಗೆ ಕೂತವರು ಮರ್ಯಾದಸ್ಥರೇ. ಅವಳ ಸಣ್ಣ ಪ್ರಬಂಧಗಳನ್ನು ತಿರುವಿ ಹಾಕಿದರು. ದೊಡ್ಡದರ ಮಾತು ಬಂದಾಗ ಅಧ್ಯಕ್ಷರು ಮುಜುಗರಪಟ್ಟು ತಮ್ಮ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು. ಪೂರ್ಣಿಮಾ ಸಂಗಮೇಶ ಎಂಬ ಲೇಖಕಿಯ ಪುಟ. ಕೆಳಗೆ ತಾಂಡೂರಿನ ಪದವಿ ಕಾಲೇಜೊಂದರ ಹೆಸರು. ಪಕ್ಕದಲ್ಲಿ, ಕನ್ನಡಕ ಹಾಕಿಕೊಂಡ, ಪ್ರೇಮಲಾ ಎಂದೂ ಕಾಣದ ಒಬ್ಬ ಹೆಂಗಸಿನ ಫೋಟೋ.

ಸಂಗು ಮತ್ತೆ ಮದುವೆಯಾಗಿದ್ದು ಅವಳಿಗೆ ಗೊತ್ತಿತ್ತು. ಹೊಸ ಸೊಸೆಗೂ ಅಕ್ಕಿಯ ತಾಟಿನಲ್ಲಿ ಅದೇ ಹೆಸರನ್ನು ಬರೆದಿರುತ್ತಾರೆಂದು ಹೊಳೆದಿರಲಿಲ್ಲ. ಆಗಲೂ ಆಧಾರ್ ಬದಲಾಯಿಸಿರುತ್ತಾರೆ. ಪೂರ್ಣಿಮಾ, ಗಂಡ ಸಂಗಮೇಶ, ಅದೇ ಮನೆ, ಅದೇ ಓಣಿ. ಕಾಗದದ ಮೇಲೆ ಇಬ್ಬರೂ ಒಬ್ಬಳೇ. ಆ ಒಬ್ಬಳು ಮಾತ್ರ ಪ್ರೇಮಲಾ ಅಲ್ಲ.

ಪ್ರಬಂಧ ನಿಮ್ಮದೇ ಇರಬಹುದು, ಆ ಲೇಖಕಿ ತನ್ನದಲ್ಲವೆಂದು ಹೇಳಲಿ, ಆಮೇಲೆ ನೋಡೋಣ ಎಂದರು ಅಧ್ಯಕ್ಷರು. ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದೂ ಅಂದರು. ಅವಳು ಮೊದಲು ಹಿಡಿದದ್ದು ಲಕ್ಷ್ಮೀಕಾಂತರನ್ನು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಲೇಖಕಿ ಯಾರೆಂಬ ಪ್ರಶ್ನೆ ಒಂದು ಸಲ ಎದ್ದರೆ ಪ್ರಬಂಧದ ಮೇಲೇ ಸಂಶಯ ಬರುತ್ತದೆ, ನನ್ನ ಸ್ಥಾನದಲ್ಲಿ ಕೂತು ಅದಕ್ಕೆ ಕೈ ಹಾಕಲಾರೆ, ನಿಮ್ಮನಿಮ್ಮಲ್ಲೇ ತೀರಿಸಿಕೊಳ್ಳಿ ಎಂದರು. ಫೋನಿಡುವ ಮುಂಚೆ, “ಅವತ್ತ ನಾ ಕೇಳಿದ್ದೆ ಅಲ್ಲಮ್ಮ ನಿನಗ,” ಎಂದರು.

ಹಾಗಾಗಿ ತಾಂಡೂರು.

ಮನೆಯ ಬಾಗಿಲು ತೆರೆದದ್ದು ಫೋಟೋದ ಹೆಂಗಸೇ. ಭಾನುವಾರದ ಹಳೆಯ ಸೀರೆಯಲ್ಲಿದ್ದಳು, ಬೆರಳಿಗೆ ಕೆಂಪು ಶಾಯಿ ತಾಗಿತ್ತು. ಉತ್ತರ ಪತ್ರಿಕೆ ತಿದ್ದುತ್ತಿದ್ದಳೆಂದು ಕಾಣುತ್ತದೆ. ಬೆಚ್ಚಿಬೀಳಲಿಲ್ಲ.

“ಬರ್ರಿ ಅಕ್ಕಾರ,” ಎಂದಳು. “ಬರ್ತೀರಿ ಅಂತ ಗೊತ್ತಿತ್ತು ನನಗ. ಇಷ್ಟ ತಡ ಯಾಕ ಮಾಡ್ಯಾರ ಅಂತ ಅಷ್ಟ ತಿಳೀತಿದ್ದಿಲ್ಲ.”

ಪಡಸಾಲೆಯಲ್ಲಿ ಎರಡು ಜಡೆಯ ಹುಡುಗಿ ಹಾಗೇ ಇದ್ದಳು. ಅವಳ ಪಕ್ಕಕ್ಕೆ ಹೊಸದೊಂದು ಚೌಕಟ್ಟು ಬಂದಿತ್ತು. ಕಾಲೇಜಿನ ವೇದಿಕೆಯ ಮೇಲೆ ಈ ಹೆಂಗಸಿಗೆ ಶಾಲು ಹೊದಿಸುತ್ತಿದ್ದಾರೆ. ಹಿಂದಿನ ಬ್ಯಾನರಿನಲ್ಲಿ ಅಂತರರಾಷ್ಟ್ರೀಯ ಖ್ಯಾತಿಯ ವಿಜ್ಞಾನಿ ಎಂದು ತೆಲುಗಿನಲ್ಲಿ ಬರೆದಿದೆ. ಒಳಕೋಣೆಯಿಂದ ಅಮೃತಬಾಯಿಯ ಕೆಮ್ಮು ಕೇಳಿಸುತ್ತಿತ್ತು. ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಮಂಜಾಗಿ ಈಗ ಮಂಚ ಹಿಡಿದಿದ್ದಾಳೆಂದು ಸೊಸೆ ಹೇಳಿದಳು.

ನಿಮ್ಮ ತವರಿನ ಹೆಸರೇನೆಂದು ಪ್ರೇಮಲಾ ಕೇಳಿದಳು. ಮಾಧುರಿ ಎಂದಳು. ಹಾಗೆ ಯಾರಾದರೂ ಕರೆಯುತ್ತಾರೆಯೇ ಎಂದರೆ, ಜಹೀರಾಬಾದಿನಲ್ಲಿ ಅವ್ವ ಒಬ್ಬಳು ಕರೆಯುತ್ತಾಳೆ, ಅದೂ ಫೋನಿನಲ್ಲಿ ಎಂದು ನಕ್ಕಳು. ಒಬ್ಬಳ ತವರು ಇನ್ನೊಬ್ಬಳ ಬಾಡಿಗೆ ಮನೆಯ ಊರಾಗಿತ್ತು. ಇಬ್ಬರೂ ಸ್ವಲ್ಪ ಹೊತ್ತು ಜಹೀರಾಬಾದಿನ ನೀರಿನ ತಾಪತ್ರಯದ ಬಗ್ಗೆ ಮಾತಾಡಿದರು.

ಆಮೇಲೆ ಮಾಧುರಿ ತಾನಾಗಿಯೇ ಹೇಳಿದಳು. ಕಾಲೇಜಿನವರು ಎಲ್ಲ ಅಧ್ಯಾಪಕರಿಗೂ ಪ್ರಬಂಧಗಳ ಲೆಕ್ಕವಿಡುವ ಜಾಲತಾಣದಲ್ಲಿ ಪುಟ ಮಾಡಿಕೊಳ್ಳಲು ಹೇಳಿದ್ದರು. ಇವಳು ಹೆಸರು ಹಾಕುತ್ತಲೇ ಕಂಪ್ಯೂಟರ್ ತಾನಾಗಿ ಒಂದು ಪ್ರಬಂಧ ತಂದು ಮುಂದಿಟ್ಟು, ಇದು ನಿಮ್ಮದೇ ಎಂದು ಕೇಳಿತು. ಇವಳು ಗಾಬರಿಯಾಗಿ ಗಂಡನನ್ನು ಕರೆದಳು. ಸಂಗು ಬಗ್ಗಿ ನೋಡಿ, ಪೂರ್ಣಿಮಾ ಸಂಗಮೇಶ ಅಂದರೆ ನೀನೇ ಅಲ್ಲೇನು ಎಂದು ನಗುತ್ತ ತಾನೇ ಒತ್ತಿಬಿಟ್ಟ. ಒಂದೇ ವಾರದಲ್ಲಿ ಪ್ರಿನ್ಸಿಪಾಲರು ಮನೆಗೆ ಬಂದರು. ಕೆಲಸ ಕಾಯಂ ಆಯಿತು. ಶಾಲು ಹೊದಿಸಿದರು. ಆಮೇಲೆ ಹಿಂದಕ್ಕೆ ಹೋಗಲು ದಾರಿಯೇ ಉಳಿಯಲಿಲ್ಲ. ಯಾರಾದರೂ ಕೇಳಿದರೆ ಹೇಳಲು ಬರಬೇಕಲ್ಲ ಎಂದು ಪ್ರಬಂಧವನ್ನು ಪೂರ್ತಿ ಬಾಯಿಪಾಠ ಮಾಡಿದಳು. ಹಾಗೆನ್ನುತ್ತ, ಬಾಗಿಲ ಕಡೆ ನೋಡಿಕೊಂಡು, ಇಂಗ್ಲಿಷಿನಲ್ಲಿ ಮೊದಲ ಸಾಲುಗಳನ್ನು ಮೆಲ್ಲಗೆ ಒಪ್ಪಿಸಿದಳು. ಪೆದ್ದೆಮುಲ್ಲಿನ ಹೊಲ, ಗೊಡ್ಡಿನ ನಡುವೆ ಹೂ ಬಿಟ್ಟ ಒಂದು ಗಿಡ. ತನ್ನ ಮಾವನ ಹೊಲ ಇನ್ನೊಬ್ಬಳ ಬಾಯಲ್ಲಿ ಹಸಿರಾಗಿ ನಿಂತದ್ದನ್ನು ಪ್ರೇಮಲಾ ಕೇಳಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಈಗ ಅದನ್ನು ಬಿಟ್ಟುಕೊಡಿ ಎಂದಳು ಪ್ರೇಮಲಾ. ಹುದ್ದೆಯ ವಿಷಯ ಹೇಳಿದಳು, ತಿಂಗಳ ಕೊನೆಯೊಳಗೆ ಆಗಬೇಕೆಂದಳು. ತಪ್ಪಾಗಿ ಸೇರಿತ್ತು ಎಂದರೆ ಸಾಕು, ಯಾರೂ ದೂರು ಕೊಡುವುದಿಲ್ಲ ಎಂದಳು.

ಮಾಧುರಿ ಬೆರಳಿನ ಕೆಂಪು ಶಾಯಿಯನ್ನು ಉಜ್ಜುತ್ತ ಕೂತಳು.

“ನಾಕು ವರ್ಷ ಆತು ಅಕ್ಕಾರ ನಾ ಬಂದು. ತೊಟ್ಟಿಲ ಇಲ್ಲ. ನಿಮಗ ಏನೇನ ಅಂದಿದ್ರು ಅಂತ ಓಣಿಯವರು ನನಗ ಹೇಳ್ಯಾರ. ನನಗ ಇನ್ನಾ ಯಾರೂ ಅಂದಿಲ್ಲ. ಯಾಕಂದ್ರ ಗ್ವಾಡಿ ಮ್ಯಾಲ ಆ ಫೋಟೋ ಅದ.” ಅವಳು ತಲೆಯೆತ್ತಿದಳು. “ನಿಮಗ ಇನ್ನೊಂದು ಬರಿಯಾಕ ಬರ್ತದ. ನನಗ ಅದೊಂದೇ ಅದ.”

ನಾಲ್ಕು ವರ್ಷ. ಹಾಗಾದರೆ ತನ್ನ ಆರು ವರ್ಷವೂ ಕೊರತೆ ತನ್ನದಿರಲಿಲ್ಲವೇನೋ. ಪ್ರೇಮಲಾಳ ಮನಸ್ಸು ಆಸ್ಪತ್ರೆಗಳ ಸಾಲು ಬೆಂಚುಗಳ ಮೇಲೆ ಒಂದು ಸಲ ಹೋಗಿ ಕೂತು ಬಂತು. ಈ ಹೆಂಗಸಿನ ಮೇಲೆ ಸಿಟ್ಟು ಮಾಡಲು ಅವಳು ಜಹೀರಾಬಾದಿನಿಂದಲೂ ತಯಾರಾಗಿ ಬಂದಿದ್ದಳು. ಹುಡುಕಿದರೆ ಈಗ ಅದು ಕೈಗೆ ಸಿಗಲಿಲ್ಲ. ಹೊಲಿಯಲು ಹಿಡಿದ ಎಳೆಯ ಎಲೆಯಂತೆ ಕಂಡಳು ಮಾಧುರಿ.

ಹೊರಗೆ ಯಂತ್ರ ನಿಂತಿತು. ಸಂಗು ಮೈಯೆಲ್ಲ ಕಲ್ಲಿನ ಬಿಳಿ ಹುಡಿ ಮಾಡಿಕೊಂಡು ಒಳಗೆ ಬಂದ. ಕೂದಲಿಗೂ ಹುಡಿ ಮೆತ್ತಿ ಹತ್ತು ವರ್ಷ ದೊಡ್ಡವನಂತೆ ಕಾಣುತ್ತಿದ್ದ. ನಗು ಮಾತ್ರ ಅದೇ.

“ಓಹೋ, ಡಾಕ್ಟರಮ್ಮ ಬಂದಾಳ,” ಎಂದ. “ಚಾ ಗೀ ಕೊಟ್ಟಿ ಇಲ್ಲ?”

ವಿಷಯ ಏನೆಂದು ಅವನು ಕೇಳಲಿಲ್ಲ. ಗೊತ್ತಿತ್ತು. ಕುರ್ಚಿ ಎಳೆದು, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಕೂತ. ಅವನ ಮಾತಿನಲ್ಲಿ ಬಿರುಸಿರಲಿಲ್ಲ, ವ್ಯಾಪಾರಿಯ ಸಮಾಧಾನವಿತ್ತು. ಆ ಹೆಸರು ನಮ್ಮ ತಂಗಿಯದು, ನಮ್ಮ ಮನೆಯದು ಎಂದ. ಬಂದವಳಿಗೆ ಕೊಟ್ಟೆವು, ಹೋಗುವಾಗ ಇಟ್ಟು ಹೋದಳು, ಆಮೇಲೆ ಬಂದವಳಿಗೆ ಕೊಟ್ಟೆವು, ಇದರಲ್ಲಿ ಮೋಸವೇನು ಬಂತು ಎಂದ.

“ಬಳಿ, ಕೀಲಿಕೈ, ಹೆಸರ. ಇಟ್ಟು ಹೋಗು ಅಂತ ನಾ ಹೇಳಿದ್ದಿಲ್ಲ. ಹಿರಿಯರ ಮುಂದ ನೀನೇ ಸಹಿ ಮಾಡಿದಿ.”

“ಹೆಸರ ನಿಮ್ಮದ ಇರಲಿ,” ಎಂದಳು ಪ್ರೇಮಲಾ. “ಕೆಲಸ ನಂದು.”

“ಕೆಲಸದ ಮ್ಯಾಲ ಯಾವ ಹೆಸರ ಅದ?”

ಎಲೆ ಹೊಲಿದ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು. ನಿಮ್ಮ ತಂಗಿಗಾಗಿ ಹಾಕಿಸಿದೆ, ನಿಮ್ಮ ಅವ್ವನಿಗಾಗಿ ಹಾಕಿಸಿದೆ ಎಂದು ಹೇಳಬಹುದಿತ್ತು. ಹೇಳಿದರೆ ಅದೂ ಈ ಮನೆಗೆ ಕೊಟ್ಟ ಇನ್ನೊಂದು ಒಡವೆಯಾಗುತ್ತಿತ್ತು.

ಸಂಗು ವಸ್ತ್ರವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಅವನು ಮುಂದಕ್ಕೆ ಬಾಗಿ, ನಷ್ಟ ಯಾರಿಗೂ ಬೇಡ, ಒಂದು ದಾರಿ ಮಾಡೋಣ ಎಂದ. ಮಾಧುರಿಗೆ ಕಾಲೇಜಿನವರು ಇನ್ನೊಂದು ಪ್ರಬಂಧ ಬರೆಯಲು ಹೇಳಿದ್ದಾರೆ. ಅವಳಿಗೆ ಒಬ್ಬಳಿಗೇ ಆಗುವುದಿಲ್ಲ. ನೀನು ಬಾ, ಜೊತೆಗೆ ಕೂತು ಬರೆದುಕೊಡು, ಮೊದಲ ಹೆಸರು ಅವಳದು, ಎರಡನೆಯದು ನಿನ್ನದು. ಹಾಗೆ ಎರಡು ಮೂರು ಆದರೆ ನಿನಗೂ ಜನ ಉಲ್ಲೇಖಿಸುತ್ತಾರೆ, ಮುಂದೆ ಇಂಥದೇ ಹುದ್ದೆ ಬಂದೇ ಬರುತ್ತದೆ. ಕಾಲೇಜಿನ ಕಾರ್ಯದರ್ಶಿ ನನ್ನ ದೋಸ್ತ, ಬೇಕಾದರೆ ಅಲ್ಲೇ ನಿನಗೂ ಒಂದು ಜಾಗ ಮಾಡಿಸುತ್ತೇನೆ. ಅವನು ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆಂದು ನಂಬಿಯೇ ಹೇಳುತ್ತಿದ್ದ. ಮಾಧುರಿ ನೆಲ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಆಗ ಒಳಕೋಣೆಯಿಂದ ಕರೆ ಬಂತು.

“ಪೂರ್ಣೀ. ಜರಾ ನೀರ ಕೊಡವ್ವಾ.”

“ಬಂದೆ ಅತ್ತಿ,” ಎಂದಳು ಪ್ರೇಮಲಾ.

ಎಂದಮೇಲೆ ಕೇಳಿಸಿತು ಅವಳಿಗೆ, ತಾನು ಅಂದದ್ದು. ಎದ್ದು ನಿಂತೂ ಆಗಿತ್ತು. ಮಾಧುರಿ ಅರ್ಧ ಎದ್ದವಳು ಹಾಗೇ ಕುರ್ಚಿಯ ತುದಿ ಹಿಡಿದುಕೊಂಡಳು. ಸಂಗುವಿನ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ಉಳಿಯಿತು. ಪ್ರೇಮಲಾ ಮತ್ತೆ ಕೂರಲಾರದೆ, ಗಡಿಗೆ ಎಲ್ಲಿದೆಯೆಂದು ಯಾರನ್ನೂ ಕೇಳದೆ, ನೀರು ತುಂಬಿಕೊಂಡು ಒಳಗೆ ಹೋದಳು.

ಅಮೃತಬಾಯಿ ಮಂಚದ ಮೇಲೆ ಗುಬ್ಬಿಯಷ್ಟಾಗಿದ್ದಳು. ತಂಬಿಗೆ ಹಿಡಿಯುವಾಗ ಅವಳ ಬೆರಳು ಪ್ರೇಮಲಾಳ ಬರಿಯ ಮುಂಗೈಯನ್ನು ತಾಕಿ, ಬಳೆಗಾಗಿ ತಡಕಾಡಿ, ನಿಂತಿತು.

“ಯಾರವ್ವ?”

“ನಾನ್ರಿ. ಪ್ರೇಮಲಾ.”

ಮುದುಕಿ ಮಂಜುಗಣ್ಣನ್ನು ದನಿ ಬಂದ ಕಡೆ ತಿರುಗಿಸಿದಳು. ಹಣೆ ಸುಕ್ಕಾಯಿತು. ಮನಸ್ಸಿಟ್ಟು ನೆನೆಸಿಕೊಳ್ಳಲು ನೋಡಿದಳು, ಅದರಲ್ಲಿ ಕಪಟವಿರಲಿಲ್ಲ.

“ಯಾವ ಪ್ರೇಮಲಾ?”

ಆ ಮನೆಯಲ್ಲಿ ಅವಳನ್ನು ಯಾರೂ ಯಾವತ್ತೂ ಹಾಗೆ ಕರೆದಿರಲಿಲ್ಲ. ಆರು ವರ್ಷ ಓ ಎಂದವಳು ಇನ್ನೊಬ್ಬಳು. ಪ್ರೇಮಲಾ ತಂಬಿಗೆಯನ್ನು ಮುದುಕಿಯ ಎರಡೂ ಕೈಯಲ್ಲಿ ಭದ್ರವಾಗಿ ಇಟ್ಟು, ಕುಡಿದು ಮುಗಿಸುವವರೆಗೆ ನಿಂತು, ಸೆರಗಿನಿಂದ ಅವಳ ಗದ್ದ ಒರೆಸಿ ಹೊರಗೆ ಬಂದಳು.

ಸಂಗು ತನ್ನ ಯೋಜನೆಯನ್ನು ಅಷ್ಟರಲ್ಲಿ ಇನ್ನೂ ಬೆಳೆಸಿದ್ದ. ಯಾವ ತಿಂಗಳಿಗೆ ಶುರುಮಾಡುವುದು, ಭಾನುವಾರ ಬರುವುದೋ ಶನಿವಾರವೋ, ಊಟ ಇಲ್ಲೇ ಆಗಲಿ ಎಂಬಲ್ಲಿಗೆ ಬಂದಿದ್ದ. ಪ್ರೇಮಲಾ ಕುರ್ಚಿಯ ಪಕ್ಕದ ಚೀಲ ಎತ್ತಿಕೊಂಡಳು. ಮಾಧುರಿ ಮೆಲ್ಲಗೆ “ಅಕ್ಕಾರ” ಎಂದಳು. ಸಂಗು ಫೋನು ಕೈಗೆ ತೆಗೆದುಕೊಂಡ, ಕಾರ್ಯದರ್ಶಿಗೆ ಈಗಲೇ ಒಂದು ಮಾತು ಹಾಕಿಬಿಡುತ್ತೇನೆ ಎಂದ.

“ಎರಡನೇದ್ದು ನಿಂದೇ, ಅದು ಪಕ್ಕಾ. ಅದೊಂದ ಹೇಳಿಬಿಡು, ಅದಕ್ಕ ಯಾವ ಹೆಸರ ಹಾಕಬೇಕು? ರೇವಪ್ಪ ಅಂತ ಹಚ್ಚಬೇಕೋ, ಖಾಲಿ ಪ್ರೇಮಲಾ ಅಂತ ಇದ್ರ ಸಾಕೋ? ಆಮ್ಯಾಲ ಬದಲಿ ಮಾಡು ಅಂದ್ರ ಆಗಾಂಗಿಲ್ಲ ನೋಡು, ಅದಕ್ಕ ಈಗೇ…”

ಅವನು ಫೋನಿನಿಂದ ತಲೆಯೆತ್ತಿದಾಗ ಅವಳು ಕೊಯ್ದ ಬಂಡೆಗಳ ಅಟ್ಟಿಯನ್ನು ದಾಟಿ, ಗೇಟಿನಾಚೆ, ಬಸ್‌ಸ್ಟ್ಯಾಂಡಿನ ದಾರಿಯಲ್ಲಿದ್ದಳು.